ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ನೋಡುವವರಿಗೆ: ಪಿಚ್ ಮತ್ತು ಔಟ್‌ಗಳ ಲೆಕ್ಕ ಇಡುವ ಬಗೆ

ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಪಂದ್ಯಗಳಲ್ಲಿ ಸೊಗಸಾಗಿ ಎಸೆಯುತ್ತಿರುವ ಪಿಚರ್‌ನನ್ನು ಮ್ಯಾನೇಜರ್ (ತಂಡದ ಮುಖ್ಯ ಕೋಚ್) ನಾಲ್ಕನೇ ಇನಿಂಗ್ಸ್ ಮುಗಿಯುತ್ತಿದ್ದಂತೆ ಹೊರಗೆ ಕರೆಸಿಬಿಡುತ್ತಾನೆ. ಸೋಲು ಖಚಿತವಾದ ತಂಡವೂ ಇನ್ನೊಂದು ರನ್ ಬಿಟ್ಟುಕೊಡಬಾರದೆಂದು ಜೀವ ಬಿಟ್ಟು ಫೀಲ್ಡಿಂಗ್ ಮಾಡುತ್ತದೆ. ಸ್ಕೋರ್ ಮಾತ್ರ ನೋಡುತ್ತಿದ್ದರೆ ಇವೆರಡೂ ಒಗಟಾಗಿಯೇ ಉಳಿಯುತ್ತವೆ. ಉತ್ತರ ಟೂರ್ನಿಯ ನಿಯಮಗಳಲ್ಲಿದೆ: ಇಲ್ಲಿ ಪಿಚರ್ ಎಸೆಯುವ ಚೆಂಡುಗಳಿಗೆ (ಒಂದೊಂದು ಎಸೆತವೂ ಒಂದು ಪಿಚ್) ಮಿತಿ ಇದೆ, ಫೀಲ್ಡಿಂಗ್ ತಂಡ ಪಡೆಯುವ ಒಂದೊಂದು ಔಟ್‌ಗೂ ಅಂಕಪಟ್ಟಿಯಲ್ಲಿ ಬೆಲೆ ಇದೆ. ಈ ಎರಡು ಲೆಕ್ಕವನ್ನು ಕೈಯಾರೆ ಬರೆದುಕೊಳ್ಳುತ್ತಾ ನೋಡಿದರೆ ಮ್ಯಾನೇಜರ್ ಮುಂದೆ ಏನು ಮಾಡುತ್ತಾನೆ ಎಂಬುದು ಅವನು ಎದ್ದು ಬರುವ ಮೊದಲೇ ನಿಮಗೆ ತಿಳಿದಿರುತ್ತದೆ. ಕ್ರಿಕೆಟ್ ಸ್ಕೋರ್‌ಬುಕ್ ಬರೆದು ಅಭ್ಯಾಸ ಇದ್ದವರಿಗೆ ಎರಡು ಪಂದ್ಯಗಳಲ್ಲಿ ಕೈ ಕೂರುತ್ತದೆ.

ಟೂರ್ನಿಯ ಚೌಕಟ್ಟು

2006ರಲ್ಲಿ ಶುರುವಾದ ಈ ಟೂರ್ನಿಯನ್ನು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ (ಎಂಎಲ್‌ಬಿ) ಮತ್ತು ಅಲ್ಲಿನ ಆಟಗಾರರ ಸಂಘ ಸೇರಿ ನಡೆಸುತ್ತವೆ. ಜಪಾನ್ 2006, 2009 ಮತ್ತು 2023ರಲ್ಲಿ, ಡೊಮಿನಿಕನ್ ರಿಪಬ್ಲಿಕ್ 2013ರಲ್ಲಿ, ಅಮೆರಿಕ 2017ರಲ್ಲಿ ಗೆದ್ದವು. 2023ರಿಂದ 20 ತಂಡಗಳು, ಐದೈದರ ನಾಲ್ಕು ಗುಂಪುಗಳು. ಗುಂಪಿನಲ್ಲಿ ಪ್ರತಿ ತಂಡಕ್ಕೆ ನಾಲ್ಕು ಪಂದ್ಯ, ಮೊದಲ ಎರಡು ಸ್ಥಾನದವರು ಕ್ವಾರ್ಟರ್‌ಫೈನಲ್‌ಗೆ. ಅಲ್ಲಿಂದ ಮುಂದೆ ಸೋತವರು ಮನೆಗೆ. ಒಟ್ಟು 47 ಪಂದ್ಯ.

ಆಟದ ಮೂಲ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಒಂದು ಪಂದ್ಯಕ್ಕೆ 9 ಇನಿಂಗ್ಸ್. ಪ್ರತಿ ಇನಿಂಗ್ಸ್‌ನಲ್ಲಿ ಎರಡೂ ತಂಡ ಬ್ಯಾಟ್ ಮಾಡುತ್ತವೆ, ಮೂರು ಔಟ್ ಆದರೆ ಸರದಿ ಬದಲು. ಪ್ರವಾಸಿ ತಂಡದ್ದು ಮೊದಲ ಬ್ಯಾಟಿಂಗ್, ಹೋಮ್ ತಂಡದ್ದು ನಂತರ. ಮೂರು ಸ್ಟ್ರೈಕ್‌ಗೆ (ಬೀಸಿ ತಪ್ಪಿದ, ಅಥವಾ ಹೊಡೆಯಬಹುದಾದ ಜಾಗದಲ್ಲಿ ಬಂದರೂ ಬಿಟ್ಟ ಚೆಂಡು) ಬ್ಯಾಟರ್ ಔಟ್, ನಾಲ್ಕು ಬಾಲ್‌ಗೆ (ಆ ಜಾಗದ ಹೊರಗೆ ಹೋದ, ಬೀಸದೆ ಬಿಟ್ಟ ಚೆಂಡು) ಮೊದಲ ಬೇಸ್‌ಗೆ ಉಚಿತ ನಡಿಗೆ, ಅಂದರೆ ವಾಕ್. ಒಂದು, ಎರಡು, ಮೂರನೇ ಬೇಸ್ ದಾಟಿ ಹೋಮ್ (ಬ್ಯಾಟರ್ ನಿಲ್ಲುವ ಜಾಗದ ಬೇಸ್) ಮುಟ್ಟಿದರೆ ಒಂದು ರನ್. ಹೋಮ್ ತಂಡ ಯಾವುದು ಎಂಬುದು ಕ್ರೀಡಾಂಗಣ ಯಾರದ್ದು ಎಂಬುದರಿಂದ ತೀರ್ಮಾನ ಆಗುವುದಿಲ್ಲ. ತಟಸ್ಥ ಊರಿನಲ್ಲಿ ಆಡುವಾಗಲೂ ವೇಳಾಪಟ್ಟಿಯಲ್ಲಿ ಒಂದು ತಂಡವನ್ನು ಹೋಮ್ ಎಂದು ಗುರುತಿಸಿರುತ್ತಾರೆ. ಹಾಳೆಯ ಮೇಲೆ ಮೊದಲು ಬರೆಯಬೇಕಾದದ್ದೇ ಅದು, ಏಕೆಂದರೆ ಕೊನೆಗೆ ಔಟ್‌ಗಳ ಲೆಕ್ಕ ಅದರ ಮೇಲೆ ನಿಲ್ಲುತ್ತದೆ.

ಸಮಯ ಮತ್ತು ತಾರೀಖು

ಟೂರ್ನಿ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ, ಪಂದ್ಯಗಳು ಏಷ್ಯಾ ಮತ್ತು ಅಮೆರಿಕ ಖಂಡಗಳಲ್ಲಿ ಹಂಚಿಹೋಗಿರುತ್ತವೆ. ಟೋಕಿಯೊ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 7ಕ್ಕೆ ಶುರುವಾಗುವ ಪಂದ್ಯ ನಮಗೆ ಮಧ್ಯಾಹ್ನ 3:30, ಅಲ್ಲಿನ ಮಧ್ಯಾಹ್ನ 12ರ ಪಂದ್ಯ ನಮಗೆ ಬೆಳಿಗ್ಗೆ 8:30.

ಅಮೆರಿಕದ ಪಂದ್ಯಗಳಲ್ಲಿ ಹೆಚ್ಚಿನವರು ಎಡವುವುದು ಗಡಿಯಾರ ಬದಲಾಗುವ ದಿನದಲ್ಲಿ. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅದು ಟೂರ್ನಿಯ ನಡುವೆಯೇ ಬೀಳುತ್ತದೆ (2023ರಲ್ಲಿ ಮಾರ್ಚ್ 12, 2026ರಲ್ಲಿ ಮಾರ್ಚ್ 8). ಮಯಾಮಿಯ ರಾತ್ರಿ 7 ಗಂಟೆ ಆ ಭಾನುವಾರಕ್ಕೆ ಮೊದಲು ನಮಗೆ ಮರುದಿನ ಬೆಳಗಿನ ಜಾವ 5:30, ಅದರ ನಂತರ 4:30. ಹ್ಯೂಸ್ಟನ್‌ಗೆ ಇದೇ ಲೆಕ್ಕ 6:30 ಮತ್ತು 5:30. ಪೋರ್ಟೊ ರಿಕೊದ ಸ್ಯಾನ್ ವಾನ್‌ನಲ್ಲಿ ಗಡಿಯಾರ ಬದಲಿಸುವುದಿಲ್ಲ, ಅಲ್ಲಿನ ರಾತ್ರಿ 7 ಯಾವಾಗಲೂ ನಮ್ಮ 4:30. ಭಾನುವಾರದ ಮೊದಲು ಹಾಕಿದ ಅಲಾರಂ ಹಾಗೇ ಬಿಟ್ಟರೆ ಮೊದಲ ಎರಡು ಮೂರು ಇನಿಂಗ್ಸ್ ಕಳೆದುಹೋಗಿರುತ್ತವೆ.

ಹಾಳೆಯಲ್ಲಿ ಪಂದ್ಯದ ತಾರೀಖನ್ನು ಕ್ರೀಡಾಂಗಣದ ಊರಿನ ತಾರೀಖಿನಂತೆಯೇ ಬರೆಯಿರಿ. 2023ರ ಫೈನಲ್ ಮಯಾಮಿಯಲ್ಲಿ ಮಾರ್ಚ್ 21ರ ರಾತ್ರಿ ನಡೆಯಿತು, ನಮ್ಮ ಕ್ಯಾಲೆಂಡರ್‌ನಲ್ಲಿ ಅದು 22ರ ಬೆಳಗಿನ ಜಾವ. ಪಿಚರ್‌ಗಳ ವಿಶ್ರಾಂತಿಯನ್ನು ದಿನದ ಲೆಕ್ಕದಲ್ಲಿ ಎಣಿಸುವುದರಿಂದ, ಕೆಲವು ಪಂದ್ಯಕ್ಕೆ ನಮ್ಮ ತಾರೀಖು, ಕೆಲವಕ್ಕೆ ಅಲ್ಲಿನ ತಾರೀಖು ಬರೆದರೆ ಇಡೀ ಪಟ್ಟಿ ಒಂದು ದಿನ ಜಾರುತ್ತದೆ.

ಹಾಳೆ ಸಿದ್ಧ ಮಾಡುವುದು

ಪಂದ್ಯಕ್ಕೆ ಎರಡು ಎ4 ಹಾಳೆ ಬೇಕು, ತಂಡಕ್ಕೊಂದು. ಅಡ್ಡಲಾಗಿ ಇಟ್ಟು ಎಡಗಡೆ ಹೆಸರಿಗೆ 6 ಸೆಂ.ಮೀ. ಬಿಡಿ. ಉಳಿದ ಅಗಲದಲ್ಲಿ 12 ಕಂಬಗಳನ್ನು ಎಳೆಯಿರಿ: 9 ಇನಿಂಗ್ಸ್‌ಗೆ, ಮೂರು ಹೆಚ್ಚುವರಿಗೆ. ಬ್ಯಾಟಿಂಗ್ ಸರದಿಯಲ್ಲಿ 9 ಜನ, ಆದ್ದರಿಂದ 9 ಸಾಲು. ಪ್ರತಿ ಸಾಲಿನ ಹೆಸರಿನ ಜಾಗವನ್ನು ಎರಡಾಗಿ ಸೀಳಿ, ಕೆಳಗಿನ ಅರ್ಧ ಬದಲಿ ಆಟಗಾರನಿಗೆ. ಈ ಟೂರ್ನಿಯಲ್ಲಿ ಬದಲಿಗಳು ಬಹಳ, ಜಾಗ ಬಿಡದಿದ್ದರೆ ಏಳನೇ ಇನಿಂಗ್ಸ್ ಹೊತ್ತಿಗೆ ಹಾಳೆ ಓದಲಾಗದಂತಾಗುತ್ತದೆ. ಚೌಕಗಳ ಮಧ್ಯೆ ಪುಟ್ಟ ವಜ್ರಾಕೃತಿ ಬರೆದುಕೊಂಡರೆ ಬೇಸ್‌ಗಳ ಓಟ ಗುರುತಿಸಲು ಅನುಕೂಲ. ಪೆನ್ಸಿಲ್ ಮತ್ತು ರಬ್ಬರ್ ಇರಲಿ, ಪಿಚರ್ ಬದಲಾದಾಗ ಗೆರೆ ಎಳೆಯಲು ಒಂದು ಕೆಂಪು ಪೆನ್. ಪೆನ್ನಿನಲ್ಲೇ ಬರೆಯುವ ಹಟ ಬೇಡ: ಅಂಪೈರ್ ತೀರ್ಪು ವಿಡಿಯೋ ನೋಡಿದ ಮೇಲೆ ತಿರುಗಿಬೀಳುವುದುಂಟು.

ಮೂರನೆಯ ಹಾಳೆಯೊಂದು ಬೇಕು, ಅದು ಟೂರ್ನಿಯುದ್ದಕ್ಕೂ ಬಾಳುವ ಪಿಚರ್‌ಗಳ ಪಟ್ಟಿ. ಒಂದು ತಂಡದಲ್ಲಿ 30 ಆಟಗಾರರು, ಅವರಲ್ಲಿ ಕನಿಷ್ಠ 14 ಪಿಚರ್‌ಗಳು, ಇಬ್ಬರು ಕ್ಯಾಚರ್‌ಗಳು (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಇರಲೇಬೇಕು. ನೀವು ಹಿಂಬಾಲಿಸುವ ತಂಡದ ಪಿಚರ್‌ಗಳ ಹೆಸರು, ಎಡಗೈಯೋ ಬಲಗೈಯೋ, ಮುಂದೆ ತಾರೀಖಿನ ಕಂಬಗಳು. ನಾಲ್ಕೂ ಗುಂಪಿನ 20 ತಂಡಗಳಿಗೂ ಇದನ್ನು ಮಾಡಲು ಹೊರಟರೆ ಮೂರನೇ ದಿನಕ್ಕೆ ಕೈಬಿಡುತ್ತೀರಿ. ಒಂದು ಗುಂಪು ಆರಿಸಿಕೊಳ್ಳಿ, ಐದು ತಂಡ ಸಾಕು.

ಆಟಗಾರರ ಪಟ್ಟಿ ನೋಡುವಾಗ ಅಚ್ಚರಿಯಾಗುವ ಹೆಸರುಗಳು ಸಿಗುತ್ತವೆ. ಪೌರತ್ವ ಇರಲೇಬೇಕೆಂದಿಲ್ಲ. ಆ ದೇಶದಲ್ಲಿ ಹುಟ್ಟಿದ್ದರೆ, ತಂದೆ ಅಥವಾ ತಾಯಿ ಆ ದೇಶದವರಾಗಿದ್ದರೆ, ಪೌರತ್ವ ಪಡೆಯುವ ಅರ್ಹತೆ ಇದ್ದರೂ ಆಡಬಹುದು. 2023ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಲಾರ್ಸ್ ನೂಟ್‌ಬಾರ್, ತಾಯಿ ಜಪಾನಿನವರಾದ್ದರಿಂದ, ಜಪಾನ್ ಪರ ಆಡಿದರು.

ಗುರುತುಗಳು

ಫೀಲ್ಡರ್‌ಗಳಿಗೆ ಹೆಸರಿನ ಬದಲು ಅಂಕಿ. ಜಗತ್ತಿನೆಲ್ಲೆಡೆ ಇದೇ ಅಂಕಿಗಳು: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಶಾರ್ಟ್‌ಸ್ಟಾಪ್ 6, ಎಡ ಮೈದಾನ 7, ನಡು ಮೈದಾನ 8, ಬಲ ಮೈದಾನ 9. ಹೊಸಬರು ಗೊಂದಲಗೊಳ್ಳುವುದು 5 ಮತ್ತು 6ರಲ್ಲಿ. ಶಾರ್ಟ್‌ಸ್ಟಾಪ್ ನಿಲ್ಲುವುದು ಎರಡು ಮತ್ತು ಮೂರನೇ ಬೇಸ್‌ಗಳ ನಡುವೆ, ಆದರೂ ಅವನ ಅಂಕಿ ಮೂರನೇ ಬೇಸ್‌ನವನ ನಂತರ ಬರುತ್ತದೆ. ಬ್ಯಾಟ್ ಮಾತ್ರ ಮಾಡುವ ಡೆಸಿಗ್ನೇಟೆಡ್ ಹಿಟರ್‌ಗೆ ಅಂಕಿ ಇಲ್ಲ, ‘ಡಿಎಚ್’ ಎಂದು ಬರೆಯುತ್ತಾರೆ.

ನೆಲಕ್ಕೆ ಬಿದ್ದು ಹೋದ ಚೆಂಡನ್ನು ಶಾರ್ಟ್‌ಸ್ಟಾಪ್ ಹಿಡಿದು ಮೊದಲ ಬೇಸ್‌ಗೆ ಎಸೆದು ಔಟ್ ಮಾಡಿದರೆ 6-3. ನಡು ಮೈದಾನದಲ್ಲಿ ಕ್ಯಾಚ್ ಆದರೆ ಎಫ್8. ಸ್ಟ್ರೈಕ್‌ಔಟ್‌ಗೆ ಇಂಗ್ಲಿಷ್‌ನ ಕೆ ಅಕ್ಷರ: ಬ್ಯಾಟ್ ಬೀಸಿ ಚೆಂಡು ಸಿಗದಿದ್ದರೆ ನೇರ ಕೆ, ಬೀಸದೆ ನಿಂತು ಮೂರನೇ ಸ್ಟ್ರೈಕ್ ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ ಕೆ. ವಾಕ್‌ಗೆ ಬಿಬಿ, ಫೀಲ್ಡರ್‌ನ ತಪ್ಪಿಗೆ ಇ ಮತ್ತು ಅವನ ಅಂಕಿ. ಹಿಟ್ ಆದರೆ ಎಷ್ಟು ಬೇಸ್ ತಲುಪಿದನೋ ಅಷ್ಟು ಬದಿಗಳನ್ನು ವಜ್ರಾಕೃತಿಯಲ್ಲಿ ದಪ್ಪ ಮಾಡಿ. ರನ್ ಬಂದರೆ ಇಡೀ ಆಕೃತಿಗೆ ಬಣ್ಣ ತುಂಬಿ. ಔಟ್ ಆದಾಗಲೆಲ್ಲ ಚೌಕದ ಮೂಲೆಯಲ್ಲಿ ಅದು ಆ ಇನಿಂಗ್ಸ್‌ನ ಎಷ್ಟನೇ ಔಟ್ ಎಂದು ವೃತ್ತದೊಳಗೆ ಬರೆಯಿರಿ. ಈ ವೃತ್ತದ ಅಂಕಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅಂಕಪಟ್ಟಿಯ ಲೆಕ್ಕಕ್ಕೆ ಬೇಕಾಗುವುದು ಅದೇ, ಬಿಡಬೇಡಿ.

2023ರ ಫೈನಲ್‌ನ ಕೊನೆಯ ಅರ್ಧ ಇನಿಂಗ್ಸ್ ಬರೆದು ನೋಡೋಣ. ಜಪಾನ್ 3-2 ಮುಂದಿತ್ತು, ಎಸೆಯಲು ಬಂದವರು ಶೋಹೆ ಒಹ್ತಾನಿ, ಒಂಬತ್ತನೇ ಇನಿಂಗ್ಸ್‌ನಲ್ಲಿ ಅಮೆರಿಕದ ಬ್ಯಾಟಿಂಗ್. ಜೆಫ್ ಮೆಕ್‌ನೀಲ್ ನಾಲ್ಕು ಬಾಲ್ ಪಡೆದು ಮೊದಲ ಬೇಸ್‌ಗೆ ನಡೆದರು: ಚೌಕದಲ್ಲಿ ಬಿಬಿ, ವಜ್ರಾಕೃತಿಯ ಒಂದು ಬದಿ ದಪ್ಪ. ಅವರ ಜಾಗದಲ್ಲಿ ಓಡಲು ಬಾಬಿ ವಿಟ್ ಜೂನಿಯರ್ ಬಂದರು: ಹೆಸರಿನ ಕೆಳ ಅರ್ಧದಲ್ಲಿ ಹೊಸ ಹೆಸರು, ಚೌಕದ ಪಕ್ಕ ‘ಪಿಆರ್’ (ಪಿಂಚ್ ರನ್ನರ್, ಬದಲಿ ಓಟಗಾರ). ಮೂಕಿ ಬೆಟ್ಸ್ ಹೊಡೆದ ಚೆಂಡು ಎರಡನೇ ಬೇಸ್‌ನವನಿಗೆ ಹೋಗಿ, ಅಲ್ಲಿಂದ ಶಾರ್ಟ್‌ಸ್ಟಾಪ್‌ಗೆ, ಅಲ್ಲಿಂದ ಮೊದಲ ಬೇಸ್‌ಗೆ ಹೋಯಿತು: ಬೆಟ್ಸ್ ಚೌಕದಲ್ಲಿ 4-6-3 ಮತ್ತು ‘ಡಿಪಿ’ (ಡಬಲ್ ಪ್ಲೇ, ಒಂದೇ ಹೊಡೆತಕ್ಕೆ ಎರಡು ಔಟ್), ವೃತ್ತದಲ್ಲಿ 2. ಎರಡನೇ ಬೇಸ್‌ನಲ್ಲಿ ಮೊದಲು ಔಟ್ ಆದವರು ವಿಟ್, ಆದ್ದರಿಂದ ವೃತ್ತದೊಳಗಿನ 1 ಹಿಂದಿನ ಚೌಕಕ್ಕೆ ಹೋಗಬೇಕು. ಕೊನೆಗೆ ಮೈಕ್ ಟ್ರೌಟ್, ಮೂರು ಬಾಲ್ ಎರಡು ಸ್ಟ್ರೈಕ್ ಆದ ಮೇಲೆ ಬ್ಯಾಟ್ ಬೀಸಿ ಚೆಂಡು ಸಿಗದೆ ಔಟ್: ನೇರ ಕೆ, ವೃತ್ತದಲ್ಲಿ 3. ಮೂರು ಚೌಕಗಳಲ್ಲಿ ಇಡೀ ಕಥೆ ಇದೆ, ಹತ್ತು ವರ್ಷ ಬಿಟ್ಟು ತೆಗೆದರೂ ಓದಬಹುದು.

ಪಿಚ್ ಎಣಿಕೆ

ಲೀಗ್ ಪಂದ್ಯಗಳಲ್ಲಿ ಒಳ್ಳೆಯ ಪಿಚರ್ 90-100 ಚೆಂಡು ಎಸೆಯುವುದು ಮಾಮೂಲು. ಇಲ್ಲಿ ಗುಂಪು ಹಂತದಲ್ಲಿ ಮಿತಿ 65, ಕ್ವಾರ್ಟರ್‌ಫೈನಲ್‌ನಲ್ಲಿ 80, ಸೆಮಿಫೈನಲ್ ಮತ್ತು ಫೈನಲ್‌ನಲ್ಲಿ 95. ಮಾರ್ಚ್‌ನಲ್ಲಿ ಲೀಗ್‌ಗಳು ಇನ್ನೂ ಶುರುವಾಗಿರುವುದಿಲ್ಲ, ಪಿಚರ್‌ಗಳ ತೋಳು ಪೂರ್ತಿ ಹದಕ್ಕೆ ಬಂದಿರುವುದಿಲ್ಲ. ದೊಡ್ಡ ಸಂಬಳ ಕೊಡುವ ಕ್ಲಬ್‌ಗಳು ಗಾಯಕ್ಕೆ ಹೆದರುತ್ತವೆ. ಈ ಮಿತಿ ಇಲ್ಲದಿದ್ದರೆ ಹೆಸರುವಾಸಿ ಪಿಚರ್‌ಗಳನ್ನು ಅವು ಬಿಟ್ಟುಕೊಡುವುದೇ ಕಷ್ಟ. ಆಟದ ಸೊಗಸಿಗೆ ಇದರಿಂದ ಸ್ವಲ್ಪ ಪೆಟ್ಟು ಬೀಳುತ್ತದೆ, ಆದರೆ ನಿಯಮ ಸರಿಯಾದದ್ದೇ.

ಮಿತಿ ಮುಟ್ಟಿದಾಗ ಎದುರಿಗಿರುವ ಬ್ಯಾಟರ್‌ನ ಸರದಿ ಮುಗಿಯುವವರೆಗೆ ಎಸೆಯಲು ಅವಕಾಶ ಇದೆ. ಆದ್ದರಿಂದ ಗುಂಪು ಪಂದ್ಯದಲ್ಲಿ 67, 68 ಕಂಡರೆ ನಿಮ್ಮ ಎಣಿಕೆ ತಪ್ಪಿತೆಂದು ಗಾಬರಿ ಬೇಡ.

ವಿಶ್ರಾಂತಿಯ ನಿಯಮ ಮಿತಿಗಿಂತ ಮುಖ್ಯ, ನೋಡುಗರು ಗಮನಿಸದೆ ಬಿಡುವುದೂ ಅದನ್ನೇ:

50 ಅಥವಾ ಹೆಚ್ಚು ಚೆಂಡು ಎಸೆದರೆ ನಾಲ್ಕು ದಿನ ಎಸೆಯುವಂತಿಲ್ಲ.
30 ಅಥವಾ ಹೆಚ್ಚು ಎಸೆದರೆ ಒಂದು ದಿನ.
ಎಷ್ಟೇ ಕಡಿಮೆ ಎಸೆದಿದ್ದರೂ ಸತತ ಎರಡು ದಿನ ಎಸೆದವನಿಗೆ ಮೂರನೇ ದಿನ ಬಿಡುವು.

ಹೀಗಾಗಿ 29 ಮತ್ತು 49 ಎಂಬ ಎರಡು ಅಂಕಿಗಳ ಮೇಲೆ ಕಣ್ಣಿಡಿ. ಪಿಚರ್ 44ರಲ್ಲಿ ಇನಿಂಗ್ಸ್ ಮುಗಿಸಿದರೆ ಮ್ಯಾನೇಜರ್ ಅವನನ್ನು ಮತ್ತೆ ಕಳಿಸುವುದು ಅಪರೂಪ. 2023ರ ಮಾರ್ಚ್ 9ರಂದು ಟೋಕಿಯೊದಲ್ಲಿ ಚೀನಾ ವಿರುದ್ಧ ಒಹ್ತಾನಿ 4 ಇನಿಂಗ್ಸ್ ಎಸೆದು 49 ಚೆಂಡಿಗೆ ನಿಂತರು. ಮಾರ್ಚ್ 16ರಂದು ಕ್ವಾರ್ಟರ್‌ಫೈನಲ್‌ನಲ್ಲಿ ಇಟಲಿ ವಿರುದ್ಧ 71 ಎಸೆದರು. 50 ದಾಟಿದ್ದರಿಂದ 17, 18, 19, 20 ನಾಲ್ಕು ದಿನ ಬಿಡುವು, ಮತ್ತೆ ಎಸೆಯಬಹುದಾದ ಮೊದಲ ದಿನ 21. ಫೈನಲ್ ಇದ್ದದ್ದು ಅಂದೇ. ಒಂಬತ್ತನೇ ಇನಿಂಗ್ಸ್‌ಗೆ ಅವರು ಬರಬಹುದೇ ಎಂಬ ಚರ್ಚೆಗೆ ಪಿಚರ್‌ಗಳ ಪಟ್ಟಿ ಇಟ್ಟಿದ್ದವರ ಬಳಿ ಐದು ದಿನ ಮೊದಲೇ ಉತ್ತರ ಇತ್ತು.

ಎಣಿಸುವ ಕ್ರಮ ಹೀಗೆ. ಪ್ರತಿ ಬ್ಯಾಟರ್‌ನ ಚೌಕದ ಕೆಳಗಡೆ ಚುಕ್ಕೆಗಳನ್ನು ಇಡಿ: ಬಾಲ್‌ಗೆ ಚುಕ್ಕೆ, ಸ್ಟ್ರೈಕ್‌ಗೆ ಸಣ್ಣ ಗೆರೆ, ಫೌಲ್‌ಗೆ (ಬ್ಯಾಟ್‌ಗೆ ತಾಗಿ ಮೈದಾನದ ಗೆರೆಯಾಚೆ ಹೋದ ಚೆಂಡು) ಓರೆ ಗೆರೆ, ಹೊಡೆದ ಚೆಂಡಿಗೆ ಗುಣಾಕಾರ ಚಿಹ್ನೆ. ಅರ್ಧ ಇನಿಂಗ್ಸ್ ಮುಗಿದಾಗ ಕೂಡಿಸಿ ಕಂಬದ ಬುಡದಲ್ಲಿ ಆ ಇನಿಂಗ್ಸ್‌ನದ್ದು, ಪಕ್ಕದಲ್ಲಿ ಒಟ್ಟು ಬರೆಯಿರಿ, ಉದಾಹರಣೆಗೆ 14/47. ತಪ್ಪು ಸಾಮಾನ್ಯವಾಗಿ ನಾಲ್ಕು ಕಡೆ ಆಗುತ್ತದೆ. ಎರಡು ಸ್ಟ್ರೈಕ್ ಆದ ಮೇಲಿನ ಫೌಲ್‌ನಿಂದ ಸ್ಟ್ರೈಕ್ ಹೆಚ್ಚುವುದಿಲ್ಲ, ಆದರೆ ಅದು ಪಿಚ್ ಹೌದು, ಎಣಿಸಬೇಕು. ಹಟಮಾರಿ ಬ್ಯಾಟರ್ ಒಬ್ಬ ಐದಾರು ಫೌಲ್ ಹೊಡೆದರೆ ಪಿಚರ್‌ನ ದಿನ ಒಂದು ಇನಿಂಗ್ಸ್ ಮೊದಲೇ ಮುಗಿಯುತ್ತದೆ. ಬ್ಯಾಟರ್‌ನ ಮೈಗೆ ತಗುಲಿದ ಚೆಂಡೂ ಪಿಚ್. ಬೇಸ್‌ನಲ್ಲಿರುವ ಓಟಗಾರನನ್ನು ಹಿಡಿಯಲು ಪಿಚರ್ ಬೇಸ್‌ಗೆ ಎಸೆದದ್ದು ಪಿಚ್ ಅಲ್ಲ. ಬೇಕೆಂದೇ ವಾಕ್ ಕೊಡುವಾಗ ಮ್ಯಾನೇಜರ್ ಕೈಸನ್ನೆ ಮಾಡಿದರೆ ಸಾಕು, ಚೆಂಡೇ ಎಸೆಯುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ಸೊನ್ನೆ. ಬ್ಯಾಟಿಂಗ್ ಮುಗಿದಾಗ ಎಂಎಲ್‌ಬಿ ಆ್ಯಪ್‌ನ ಗೇಮ್‌ಡೇ ಪುಟದಲ್ಲಿ ತಾಳೆ ನೋಡಿ. ಒಂದೆರಡು ವ್ಯತ್ಯಾಸ ಇದ್ದರೆ ಈ ನಾಲ್ಕರಲ್ಲೇ ಎಲ್ಲೋ ತಪ್ಪಿರುತ್ತದೆ.

ಮ್ಯಾನೇಜರ್‌ನ ಕಷ್ಟ ಗಣಿತದಲ್ಲಿ ಹೀಗಿದೆ. ಒಂದು ಇನಿಂಗ್ಸ್‌ಗೆ ಸುಮಾರು 16 ಪಿಚ್ ಬೇಕು, ಅಂದರೆ 65ರಲ್ಲಿ ನಾಲ್ಕು ಇನಿಂಗ್ಸ್, 12 ಔಟ್. ನಾಲ್ಕು ಪಂದ್ಯಗಳಿಗೆ ಬೇಕಾದ ಔಟ್ 108. ನಾಲ್ವರು ಆರಂಭಿಕ ಪಿಚರ್‌ಗಳು 48 ತಂದುಕೊಟ್ಟರೆ ಉಳಿದ 60 ಔಟ್ ಉಳಿದ ಹತ್ತು ಮಂದಿಯಿಂದ ಬರಬೇಕು, ಅದೂ ಐದಾರು ದಿನಗಳೊಳಗೆ. ಇದರ ಜೊತೆ ಇನ್ನೊಂದು ಕಟ್ಟುಪಾಡು: ಬಂದ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಬೇಕು, ಅಥವಾ ಆ ಅರ್ಧ ಇನಿಂಗ್ಸ್ ಮುಗಿಸಬೇಕು. ಒಬ್ಬ ಎಡಗೈ ಬ್ಯಾಟರ್‌ಗೆಂದೇ ಎಡಗೈ ಪಿಚರ್ ತಂದು ತಕ್ಷಣ ಬದಲಿಸುವ ಹಳೆಯ ಉಪಾಯ ನಡೆಯುವುದಿಲ್ಲ. ಆರಂಭಿಕ ಪಿಚರ್ ಮೊದಲ ಇನಿಂಗ್ಸ್‌ನಲ್ಲೇ 30 ಚೆಂಡು ಖರ್ಚು ಮಾಡಿದರೆ ಸ್ಕೋರ್ 0-0 ಇದ್ದರೂ ಆ ತಂಡ ಹಿಂದೆ ಬಿದ್ದಿದೆ ಎಂದೇ ತಿಳಿಯಿರಿ. ಪೆಟ್ಟು ಕಾಣುವುದು ಅಂದಲ್ಲ, ಎರಡು ದಿನ ಬಿಟ್ಟು.

ಬೇಗ ಮುಗಿಯುವ, ತಡವಾಗಿ ಮುಗಿಯುವ ಪಂದ್ಯ

ಗುಂಪು ಹಂತದಲ್ಲಿ ಐದು ಇನಿಂಗ್ಸ್ ಆದ ಮೇಲೆ 15 ರನ್, ಏಳು ಇನಿಂಗ್ಸ್ ಆದ ಮೇಲೆ 10 ರನ್ ಅಂತರ ಇದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಸೆಮಿಫೈನಲ್ ಮತ್ತು ಫೈನಲ್‌ಗೆ ಇದು ಅನ್ವಯಿಸುವುದಿಲ್ಲ. ಸಮನಾಗಿದ್ದರೆ ಹತ್ತನೇ ಇನಿಂಗ್ಸ್‌ನಿಂದ ಪ್ರತಿ ಸರದಿಯೂ ಎರಡನೇ ಬೇಸ್‌ನಲ್ಲಿ ಒಬ್ಬ ಓಟಗಾರನನ್ನು ನಿಲ್ಲಿಸಿಯೇ ಶುರು. ಅವನು ಹಿಂದಿನ ಇನಿಂಗ್ಸ್‌ನಲ್ಲಿ ಕೊನೆಗೆ ಬ್ಯಾಟ್ ಮಾಡಿದವನು ಅಥವಾ ಅವನ ಬದಲಿ. ಅವನ ಚೌಕದಲ್ಲಿ ಎರಡು ಬದಿಯನ್ನು ಚುಕ್ಕೆ ಗೆರೆಯಲ್ಲಿ ಬರೆಯಿರಿ, ಹೊಡೆದು ತಲುಪಿದ್ದಲ್ಲ ಎಂದು ಗೊತ್ತಾಗಲು. ಅವನು ರನ್ ತಂದರೆ ತಂಡ ಬಿಟ್ಟುಕೊಟ್ಟ ರನ್‌ಗಳ ಲೆಕ್ಕಕ್ಕೆ ಅದೂ ಸೇರುತ್ತದೆ.

ಗುಂಪಿನ ಅಂಕಪಟ್ಟಿ

ಐದು ತಂಡ, ನಾಲ್ಕೇ ಪಂದ್ಯ, ಆದ್ದರಿಂದ ಸಮಬಲ ಮೇಲಿಂದ ಮೇಲೆ ಬರುತ್ತದೆ. ಇಬ್ಬರೇ ಸಮನಾಗಿದ್ದರೆ ಕೆಲಸ ಸುಲಭ, ಅವರಿಬ್ಬರ ನಡುವಿನ ಪಂದ್ಯ ಗೆದ್ದವರು ಮೇಲೆ. 2023ರಲ್ಲಿ ಮೆಕ್ಸಿಕೊ ಮತ್ತು ಅಮೆರಿಕ ಎರಡೂ 3-1 (ಮೂರು ಗೆಲುವು, ಒಂದು ಸೋಲು). ಮೆಕ್ಸಿಕೊ 11-5ರಿಂದ ಅಮೆರಿಕವನ್ನು ಸೋಲಿಸಿತ್ತು, ಗುಂಪಿನ ಮೊದಲ ಸ್ಥಾನ ಅದಕ್ಕೇ ಹೋಯಿತು.

ಮೂರು ಅಥವಾ ಹೆಚ್ಚು ತಂಡಗಳು ಸಮನಾಗಿ, ಪರಸ್ಪರ ಪಂದ್ಯಗಳಲ್ಲೂ ಸಮನಾಗಿದ್ದರೆ ಭಾಗಾಕಾರಕ್ಕೆ ಇಳಿಯಬೇಕು: ಆ ತಂಡ ಬಿಟ್ಟುಕೊಟ್ಟ ರನ್ ಭಾಗಿಸು ಆ ತಂಡ ಫೀಲ್ಡಿಂಗ್‌ನಲ್ಲಿ ಪಡೆದ ಔಟ್. ಉತ್ತರ ಕಡಿಮೆ ಇದ್ದವರು ಮೇಲೆ. ಸಮನಾದ ತಂಡಗಳು ತಮ್ಮತಮ್ಮಲ್ಲೇ ಆಡಿದ ಪಂದ್ಯಗಳು ಮಾತ್ರ ಲೆಕ್ಕಕ್ಕೆ, ಉಳಿದ ತಂಡಗಳ ವಿರುದ್ಧದ ಪಂದ್ಯಗಳನ್ನು ತೆಗೆದುಹಾಕಬೇಕು. ಅದೂ ಸಮನಾದರೆ ಪಿಚರ್ ಹೊಣೆಯ ರನ್‌ಗಳಿಗೆ ಅದೇ ಭಾಗಾಕಾರ, ನಂತರ ಬ್ಯಾಟಿಂಗ್ ಸರಾಸರಿ, ಕೊನೆಗೆ ಚೀಟಿ ಎತ್ತುವುದು.

ಕ್ರಿಕೆಟ್‌ನ ನೆಟ್ ರನ್‌ರೇಟ್ ಮನಸ್ಸಿನಲ್ಲಿಟ್ಟುಕೊಂಡವರು ಇಲ್ಲಿ ತಪ್ಪುತ್ತಾರೆ. ಹೊಡೆದ ರನ್‌ಗೆ ಈ ಭಾಗಾಕಾರದಲ್ಲಿ ಜಾಗವೇ ಇಲ್ಲ. 20-0 ಗೆದ್ದರೂ 1-0 ಗೆದ್ದರೂ ಬಿಟ್ಟುಕೊಟ್ಟದ್ದು ಸೊನ್ನೆಯೇ. ಹೋಮ್ ತಂಡ ಮುಂದಿದ್ದರೆ ಒಂಬತ್ತನೇ ಇನಿಂಗ್ಸ್‌ನಲ್ಲಿ ಬ್ಯಾಟ್ ಮಾಡುವುದೇ ಇಲ್ಲ, ಹಾಗಿರುವಾಗ ಹೊಡೆದ ರನ್ ಅಳತೆಗೆ ಹಿಡಿದರೆ ಅನ್ಯಾಯವಾಗುತ್ತದೆ.

ಔಟ್‌ಗಳನ್ನು ಕೂಡಿಸುವಾಗ ಹೀಗೆ ಪರೀಕ್ಷಿಸಿಕೊಳ್ಳಿ. ಒಂಬತ್ತು ಇನಿಂಗ್ಸ್‌ನ ಪಂದ್ಯ ಗೆದ್ದ ತಂಡಕ್ಕೆ ಯಾವಾಗಲೂ 27. ಸೋತ ತಂಡ ಹೋಮ್ ಆಗಿದ್ದರೆ 27. ಪ್ರವಾಸಿಯಾಗಿ ಸೋತರೆ 24, ಕೊನೆಯ ಸರದಿಯಲ್ಲಿ ಹೋಮ್ ತಂಡ ಗೆಲುವಿನ ರನ್ ಹೊಡೆದಿದ್ದರೆ 24ರಿಂದ 26ರ ನಡುವೆ. ಹತ್ತು ಇನಿಂಗ್ಸ್ ಆದರೆ ಗೆದ್ದವರಿಗೆ 30. ದೊಡ್ಡ ಅಂತರದಿಂದ ಏಳು ಇನಿಂಗ್ಸ್‌ಗೇ ಗೆದ್ದವರಿಗೆ 21 ಮಾತ್ರ, ಅಂದರೆ ಬೇಗ ಗೆದ್ದ ತಂಡ ಆರು ಔಟ್‌ಗಳನ್ನು ಕಳೆದುಕೊಂಡಿರುತ್ತದೆ.

ಈ ನಿಯಮದ ಪೂರ್ಣ ಪರೀಕ್ಷೆ ನಡೆದದ್ದು 2023ರಲ್ಲಿ ತೈವಾನಿನ ತೈಚುಂಗ್‌ನಲ್ಲಿ. ಕ್ಯೂಬಾ, ಇಟಲಿ, ನೆದರ್‌ಲ್ಯಾಂಡ್ಸ್, ಪನಾಮಾ, ಚೈನೀಸ್ ತೈಪೆ (ತೈವಾನ್ ತಂಡದ ಹೆಸರು) ಐದೂ ತಂಡಗಳು 2-2. ಕ್ಯೂಬಾ ಬಿಟ್ಟುಕೊಟ್ಟದ್ದು ನೆದರ್‌ಲ್ಯಾಂಡ್ಸ್‌ಗೆ 4, ಇಟಲಿಗೆ 6, ಪನಾಮಾಗೆ 4, ತೈಪೆಗೆ 1, ಒಟ್ಟು 15. ಪಡೆದ ಔಟ್ 24, 30, 27, 27, ಒಟ್ಟು 108. ಇಟಲಿ ಜೊತೆಗಿನ ಪಂದ್ಯ ಹತ್ತು ಇನಿಂಗ್ಸ್ ಹೋದದ್ದರಿಂದ ಅಲ್ಲಿ 30. ಉತ್ತರ 0.139. ಇಟಲಿಯದ್ದು 17 ರನ್, 108 ಔಟ್, 0.157. ಇವೆರಡು ಮುಂದೆ ಹೋದವು.

ನೆದರ್‌ಲ್ಯಾಂಡ್ಸ್ ಮೊದಲ ಎರಡೂ ಪಂದ್ಯ ಗೆದ್ದಿತ್ತು. ಕೊನೆಯ ಪಂದ್ಯದಲ್ಲಿ ಇಟಲಿಗೆ 7-1ರಿಂದ ಸೋತು 19 ರನ್, 102 ಔಟ್, 0.186ಕ್ಕೆ ನಿಂತಿತು. ಅದೇ ಪಂದ್ಯ 4-1ರಿಂದ ಸೋತಿದ್ದರೆ ಏನಾಗುತ್ತಿತ್ತು ನೋಡಿ: 16 ಭಾಗಿಸು 102 ಅಂದರೆ 0.1569, ಇಟಲಿಯದ್ದು 0.1574. ಸೋತೂ ಮುಂದೆ ಹೋಗುತ್ತಿತ್ತು. ಸೋಲುತ್ತಿರುವ ತಂಡ ಕೊನೆಯವರೆಗೂ ಯಾಕೆ ಡೈವ್ ಹೊಡೆಯುತ್ತದೆ ಎಂಬುದು ಆ ನಾಲ್ಕನೇ ದಶಮಾಂಶದಲ್ಲಿದೆ. ಆದ್ದರಿಂದ ಲೆಕ್ಕವನ್ನು ಮೂರಲ್ಲ, ನಾಲ್ಕು ಸ್ಥಾನದವರೆಗೆ ಮಾಡಿ.

ಔಟ್ ಎಣಿಸುವುದರ ಬೆಲೆ ಇದಕ್ಕಿಂತ ಕಹಿಯಾಗಿ ತಿಳಿದದ್ದು 2017ರಲ್ಲಿ ಮೆಕ್ಸಿಕೊಗೆ. ಗ್ವಾದಲಹಾರಾದ ಗುಂಪಿನಲ್ಲಿ ಮೆಕ್ಸಿಕೊ, ಇಟಲಿ, ವೆನೆಜುವೆಲಾ ಮೂರೂ 1-2. ಆಗ ಭಾಗಿಸುತ್ತಿದ್ದದ್ದು ಫೀಲ್ಡಿಂಗ್ ಮಾಡಿದ ಇನಿಂಗ್ಸ್‌ಗಳಿಂದ. ಮೆಕ್ಸಿಕೊ ಮೊದಲ ಪಂದ್ಯದಲ್ಲಿ ಇಟಲಿ ವಿರುದ್ಧ 9-5 ಮುಂದಿದ್ದು, ಒಂಬತ್ತನೇ ಇನಿಂಗ್ಸ್‌ನಲ್ಲಿ ಒಂದೂ ಔಟ್ ಪಡೆಯದೆ ಐದು ರನ್ ಕೊಟ್ಟು 10-9ರಿಂದ ಸೋತಿತ್ತು. ನಂತರ ವೆನೆಜುವೆಲಾವನ್ನು 11-9ರಿಂದ ಸೋಲಿಸಿ ಮುಂದಿನ ಹಂತಕ್ಕೆ ಹೋದೆವೆಂದೇ ನಂಬಿತು. ಒಂಬತ್ತನೇ ಇನಿಂಗ್ಸ್ ಆಡಿದ್ದೇವೆಂದು ಎಣಿಸಿದರೆ 19 ರನ್‌ಗೆ 18 ಇನಿಂಗ್ಸ್. ಔಟ್ ಇಲ್ಲದ ಇನಿಂಗ್ಸ್ ಲೆಕ್ಕಕ್ಕಿಲ್ಲ ಎಂದು ತೀರ್ಮಾನವಾಗಿ 17 ಆಯಿತು: 1.12. ವೆನೆಜುವೆಲಾ 21 ರನ್, 19 ಇನಿಂಗ್ಸ್, 1.11. ಮೆಕ್ಸಿಕೊ ಹೊರಬಿತ್ತು. ಇಂದಿನಂತೆ ಔಟ್‌ಗಳಲ್ಲಿ ಎಣಿಸಿ ನೋಡಿದರೆ 19 ಭಾಗಿಸು 51 ಅಂದರೆ 0.373, ವೆನೆಜುವೆಲಾದ್ದು 21 ಭಾಗಿಸು 57, 0.368. ಆ ಕೆಟ್ಟ ಇನಿಂಗ್ಸ್‌ನಲ್ಲಿ ಒಂದೇ ಒಂದು ಔಟ್ ಸಿಕ್ಕಿದ್ದರೆ 19 ಭಾಗಿಸು 52, 0.365, ಮೆಕ್ಸಿಕೊ ಮೇಲೆ. ರನ್ ಬಂದಾಗ ಬಣ್ಣ ತುಂಬುವ ಗಡಿಬಿಡಿಯಲ್ಲಿ ಔಟ್‌ನ ವೃತ್ತ ಮರೆಯಬಾರದೆಂದು ಮೇಲೆ ಹೇಳಿದ್ದು ಇದಕ್ಕಾಗಿ.

ಕೊನೆಯ ಗುಂಪು ಪಂದ್ಯ ಶುರುವಾಗುವ ಮೊದಲು ಅರ್ಧ ಗಂಟೆ ತೆಗೆದಿಟ್ಟು ಒಂದು ಚಿಕ್ಕ ಪಟ್ಟಿ ಮಾಡಿ. ಸಮನಾಗಬಹುದಾದ ತಂಡಗಳ ಈವರೆಗಿನ ರನ್ ಮತ್ತು ಔಟ್ ಬರೆಯಿರಿ. ಕೊನೆಯ ಪಂದ್ಯದಲ್ಲಿ 0, 1, 2 ಹೀಗೆ 8ರವರೆಗೆ ರನ್ ಬಿಟ್ಟುಕೊಟ್ಟರೆ ಉತ್ತರ ಎಷ್ಟೆಂದು ಒಂದೊಂದಾಗಿ ಕಂಡುಹಿಡಿಯಿರಿ. ಸೋಲುವ ಸಾಧ್ಯತೆಗೆ ಹೋಮ್ ಆಗಿದ್ದರೆ 27, ಪ್ರವಾಸಿಯಾಗಿದ್ದರೆ 24 ಹಿಡಿಯಿರಿ. ಯಾವ ರನ್‌ಗೆ ಗಡಿ ದಾಟುತ್ತದೋ ಅದನ್ನು ಕೆಂಪು ಪೆನ್ನಿನಲ್ಲಿ ಹಾಳೆಯ ಮೇಲ್ತುದಿಯಲ್ಲಿ ಬರೆಯಿರಿ. ಪಂದ್ಯದ ನಿಜವಾದ ಗುರಿ ಅದೇ ಆಗಿರುತ್ತದೆ.

ಪಟ್ಟಿಯ ಬುಡವನ್ನೂ ಬಿಡಬೇಡಿ. ಗುಂಪಿನ ಮೊದಲ ನಾಲ್ಕು ತಂಡಗಳಿಗೆ ಮುಂದಿನ ಟೂರ್ನಿಯಲ್ಲಿ ನೇರ ಪ್ರವೇಶ, ಐದನೆಯವರು ಅರ್ಹತಾ ಸುತ್ತು ಆಡಬೇಕು. 2023ರಲ್ಲಿ ಚೈನೀಸ್ ತೈಪೆ, ಚೀನಾ, ಕೊಲಂಬಿಯಾ, ನಿಕರಾಗುವಾ ಐದನೇ ಸ್ಥಾನಕ್ಕೆ ಬಿದ್ದವು. 2025ರ ಅರ್ಹತಾ ಸುತ್ತಿನಲ್ಲಿ ನಾಲ್ಕೂ ಆಡಬೇಕಾಯಿತು, ಚೀನಾ ಬಿಟ್ಟು ಉಳಿದ ಮೂರು ವಾಪಸ್ ಬಂದವು, ಜೊತೆಗೆ ಬ್ರೆಜಿಲ್. ತೈಪೆ ಐದನೆಯದಾದದ್ದು 2-2 ಮಾಡಿಯೂ, ಇದೇ ಭಾಗಾಕಾರದಿಂದ. ಆದ್ದರಿಂದ ಎರಡೂ ತಂಡಗಳು ಹೊರಬಿದ್ದ ಮೇಲೆ ಆಡುವ ಪಂದ್ಯವನ್ನೂ ಪೂರ್ತಿ ಬರೆಯಿರಿ, ನಾಲ್ಕು ಮತ್ತು ಐದನೇ ಸ್ಥಾನಗಳ ಲೆಕ್ಕ ಅಲ್ಲೇ ಇತ್ಯರ್ಥವಾಗುತ್ತದೆ.